ಹಿತ್ತಲ ಶೆಡ್ಡಿನ ಹೆಂಚು

ಬ್ಯಾಟರಾಯನಪುರದ ನಮ್ಮ ಹಿತ್ತಲಲ್ಲಿ ಅಪ್ಪ ಕಟ್ಟಿಸಿದ ಮರದ ಶೆಡ್ಡೊಂದಿದೆ. ಹಲಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು. ಕಳೆದ ಮಳೆಗಾಲದಲ್ಲಿ ಅದು ಸೋರಿ, ಅಪ್ಪ ಕೊನೆಯ ಸಲ ಆರಿಸಿಟ್ಟಿದ್ದ ಅವರೆ ಬೀಜಕ್ಕೆ ಬೂಷ್ಟು ಹಿಡಿಯಿತು. ಉಳಿದದ್ದು ಒಂದು ಹಿಡಿ. ಕೆಡವಿ ತಗಡು ಹಾಕಿಸೋಣವೆಂದರು ಮನೆಯವರು.

ಮೇಸ್ತ್ರಿ ಒಂದು ಹೆಂಚು ತೆಗೆದು ತೋರಿಸಿದರು. "ಹೆಂಚಿಗೇನೂ ಆಗಿಲ್ಲ ಸಾರ್, ರೀಪು ಕೊಳೆತಿದೆ." ಹೆಂಚಿನ ಅಡಿಯ ಕೊಕ್ಕೆಯಂಥ ಉಬ್ಬು ರೀಪಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ರೀಪು ಬಾಗಿದರೆ ಹೆಂಚು ಜಾರಿ ಸಂದು ಬಿಚ್ಚುತ್ತದೆ. ಆ ಸಂದಿಗೆ ಹಿಂದೊಮ್ಮೆ ಸಿಮೆಂಟು ಮೆತ್ತಿಸಿದ್ದವನು ನಾನೇ. ಬಿರುಕುಬಿಟ್ಟ ಸಿಮೆಂಟು ನೀರು ಹಿಡಿದಿಟ್ಟು ಮರವನ್ನು ಕೊಳೆಸಿತ್ತು.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚು ಸಿಮೆಂಟಿನ ಹಂಗಿಲ್ಲದೆ ಕರಾವಳಿಯ ಮಳೆಯನ್ನೇ ತಡೆದು, ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. 2007ರಲ್ಲಿ ನಮ್ಮೂರು ಬೃಹತ್ ಬೆಂಗಳೂರಿಗೆ ಸೇರಿತು. ನಮ್ಮ ಬೀದಿಯ ಹೆಂಚಿನ ಮನೆಗಳು ಒಂದೊಂದಾಗಿ ತಾರಸಿಗಳಾದವು.

ಎಂಟು ರೀಪು ಬದಲಾಯಿಸಿದೆವು. ಹೊಸದಾಗಿ ಬೇಕಾದದ್ದು ಮೂರೇ ಹೆಂಚು. ಮೊದಲ ಮಳೆಯ ದಿನ ಶೆಡ್ಡಿನೊಳಗೆ ನಿಂತು ನೋಡಿದೆ, ನೆಲ ಒಣಗಿಯೇ ಇತ್ತು. ಉಳಿದಿದ್ದ ಆ ಹಿಡಿ ಅವರೆಯನ್ನು ಬೇಲಿಯ ಬುಡಕ್ಕೆ ಬಿತ್ತಿದ್ದೇನೆ.