ದನಿಯಿಂದ ಬರಹಕ್ಕೆ

ಬಾಯಲ್ಲಿ ಆಡಿದ್ದು ತಾನಾಗಿ ಅಕ್ಷರವಾಗುವುದು ಇಂದು ಸೋಜಿಗವಲ್ಲ. 2017ರಲ್ಲಿ ಗೂಗಲ್ ಸಂಸ್ಥೆಯ ಧ್ವನಿ ಬೆರಳಚ್ಚಿಗೆ ಕನ್ನಡವೂ ಸೇರಿತು. ಆದರೆ ದನಿಗೂ ಬರಹಕ್ಕೂ ನಡುವಣ ಕೊಡುಕೊಳೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಗೆ ಹೊಸದಲ್ಲ.

ಯಳಂದೂರಿನ ಸಂಚಿ ಹೊನ್ನಮ್ಮ 17ನೆಯ ಶತಮಾನದಲ್ಲಿ ‘ಹದಿಬದೆಯ ಧರ್ಮ’ಕ್ಕೆ ಆರಿಸಿಕೊಂಡದ್ದು ಹಾಡಲು ಒದಗುವ ಸಾಂಗತ್ಯವನ್ನು. ಅದು ಬರಹವಾಗಿ ಹುಟ್ಟಿ ದನಿಯನ್ನು ಬಯಸಿದ ಕಾವ್ಯ. ಹನೂರಿನ ಮಲೆಯಲ್ಲಿ ನೆಲೆಸಿದ ಮಾದೇಶ್ವರನ ಕಾವ್ಯದ ನಡೆ ಇದಕ್ಕೆ ತಿರುವುಮುರುವು. ದೇವರಗುಡ್ಡರು ಕಂಸಾಳೆಯ ತಾಳಕ್ಕೆ ‘ಸಾಲು’ಗಳನ್ನು ಹಾಡುತ್ತ ಅದನ್ನು ನೆನಪಿನಲ್ಲಿಯೇ ಕಾಪಾಡಿದರು. 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ ಗ್ರಂಥವಾಗಿಸಿದರು. ಮುಂದೆ ಹೆಬ್ಬಣಿ ಮಾದಯ್ಯನವರ ಮೇಳದ ಹಾಡಿಕೆಯನ್ನು ಕೆ. ಕೇಶವನ್ ಪ್ರಸಾದ್ ಅವರು ಬರಹಕ್ಕಿಳಿಸಿದರು.

ಇಂಥಲ್ಲಿ ಬರೆದುಕೊಳ್ಳುವವನಿಗೊಂದು ಧರ್ಮಸಂಕಟ. ಈ ಕಡೆಯ ಹಳ್ಳಿಗರ ನಾಲಿಗೆಯಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಬಿಡು’ ‘ಬುಡು’ ಆಗುತ್ತದೆ. ತಿದ್ದಿ ಬರೆದರೆ ಓದುಗನಿಗೆ ಸಲೀಸು. ಹಾಡಿದವನು ಮಾತ್ರ ಅಲ್ಲಿ ಉಳಿಯುವುದಿಲ್ಲ. ಕೇಳಿದಂತೆ ಬರೆಯುವವನು ಆ ಜನದ ಉಸಿರನ್ನೂ ಬರೆಯುತ್ತಾನೆ.

ಯಂತ್ರಕ್ಕೆ ಈ ಸಂಕಟವಿಲ್ಲ. ತನಗೆ ಕಲಿಸಿದ ಮಾತುಗಳ ಮಾದರಿ ಹಿಡಿದು, ಕೇಳಿದ ದನಿಗೆ ಹೆಚ್ಚು ಒಪ್ಪುವ ಪದವನ್ನು ಊಹಿಸುವುದಷ್ಟೇ ಅದರ ಕೆಲಸ. ಕಲಿಸಿದ್ದರಲ್ಲಿ ಪುಸ್ತಕದ ಕನ್ನಡವೇ ಹೆಚ್ಚಾಗಿದ್ದರೆ, ಮಲೆಯ ಕನ್ನಡ ಅದಕ್ಕೆ ತಪ್ಪು ಉಚ್ಚಾರಣೆಯಾಗಿಯೇ ಕೇಳಿಸೀತು. ಆಗ ಯಂತ್ರಕ್ಕೆ ತಕ್ಕಂತೆ ನಮ್ಮ ನಾಲಿಗೆಯನ್ನೇ ತಿದ್ದಿಕೊಳ್ಳಬೇಕಾದೀತು. ಅದಕ್ಕೆ ಮೊದಲು ಗುಡ್ಡರ ದನಿಯನ್ನು ಕೇಳಿಸೋಣ. ಬರೆಯುವುದನ್ನು ಆಮೇಲೆ ಕಲಿಯಲಿ.