ತಪ್ಪು ಬೆರಳಿನದ್ದೋ, ಮಿಷಿನ್ನಿನದ್ದೋ?

ಯಂತ್ರ ಕೈಕೊಟ್ಟರೆ ನಾವು ಮೊದಲು ಬೈಯೋದು ಅದನ್ನ ಬಳಸಿದವರನ್ನ. ಈ ಚಾಳಿಯನ್ನ ಪ್ರಶ್ನಿಸುತ್ತಲೇ ಬದುಕು ಸವೆಸಿದವರು ಡಾನ್ ನಾರ್ಮನ್.

1935ರಲ್ಲಿ ಹುಟ್ಟಿದ ಈ ಅಮೆರಿಕನ್ ಕೂಡ ನಮ್ಮ ಹಾಗೆ ಇಂಜಿನಿಯರಿಂಗ್ ಓದಿದವರೇ. 1957ರಲ್ಲಿ ಎಂಐಟಿಯಿಂದ ಎಲೆಕ್ಟ್ರಿಕಲ್ ಪದವಿ ಪಡೆದರು. ಆದ್ರೆ 1962ರಲ್ಲಿ ಪಿಎಚ್‌ಡಿ ಮಾಡಿದ್ದು ಮನಃಶಾಸ್ತ್ರದಲ್ಲಿ. 1966ರಿಂದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿ, ನೆನಪು ಮತ್ತು ಗಮನದ ಬಗ್ಗೆ ಸಂಶೋಧನೆ ಮಾಡ್ತಿದ್ದರು.

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತು. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತು. ಆ ದೀಪಕ್ಕೆ ಗೊತ್ತಿದ್ದದ್ದು ‘ಮುಚ್ಚು’ ಅನ್ನೋ ಆಜ್ಞೆ ಹೋಗಿದೆ ಅಂತಷ್ಟೇ, ವಾಲ್ವ್ ನಿಜಕ್ಕೂ ಮುಚ್ಚಿತಾ ಅನ್ನೋದು ಗೊತ್ತಿರಲಿಲ್ಲ. ನಮ್ಮೂರಲ್ಲಿ ಪಂಪ್‌ಸೆಟ್ ಸ್ಟಾರ್ಟರಿನ ದೀಪ ನಂಬಿ ಯಾರೂ ಕೂರಲ್ಲ, ಪೈಪಿನ ಬಾಯಿಗೆ ಹೋಗಿ ನೀರು ಬಿತ್ತಾ ನೋಡ್ತಾರೆ. ಅಲ್ಲಿ ಸೋರಿದ ನೀರು ಸೇರುವ ಟ್ಯಾಂಕಿನ ಮಾಪಕ ಇದ್ದದ್ದು ಪ್ಯಾನೆಲ್ಲಿನ ಹಿಂಬದಿಯಲ್ಲಿ! ಎರಡು ಗಂಟೆಗೂ ಹೆಚ್ಚು ಕಾಲ ನೀರು ಸೋರಿತು. ರಿಯಾಕ್ಟರಿನ ಒಡಲು ಅರ್ಧದಷ್ಟು ಕರಗಿತು.

ಆಪರೇಟರುಗಳದ್ದೇ ತಪ್ಪು ಅನ್ನೋ ಮಾತು ಬಂತು. ಆಮೇಲೆ ಪರಿಶೀಲಿಸೋಕೆ ಕರೆಸಿದವರಲ್ಲಿ ನಾರ್ಮನ್ ಕೂಡ ಒಬ್ಬರು. ಅವರು ಕಂಡುಕೊಂಡದ್ದು: ಆಪರೇಟರುಗಳು ಬುದ್ಧಿವಂತರೇ, ಕಂಟ್ರೋಲ್ ರೂಮನ್ನೇ ತಪ್ಪಾಗೋ ಹಾಗೆ ಕಟ್ಟಿದ್ದಾರೆ.

ಅಲ್ಲಿಂದ ಅವರ ಗಮನ ವಿನ್ಯಾಸದ ಕಡೆ ತಿರುಗಿತು. 1981ರಲ್ಲಿ ಯುನಿಕ್ಸ್ ಕಮ್ಯಾಂಡುಗಳ ಅಡ್ಡಾದಿಡ್ಡಿ ಹೆಸರುಗಳನ್ನ, ಕೆಲಸ ಆಯ್ತೋ ಇಲ್ವೋ ಹೇಳದ ಮೌನವನ್ನ ಟೀಕಿಸಿ ಬರೆದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದಾಗ ಅಲ್ಲಿನ ಬಾಗಿಲು, ನಲ್ಲಿ, ಸ್ವಿಚ್ಚುಗಳು ಅವರನ್ನ ಸತಾಯಿಸಿದವು. ಅದರಿಂದಲೇ 1988ರಲ್ಲಿ ಅವರ ಹೆಸರಾಂತ ಪುಸ್ತಕ ಹೊರಬಂತು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿಗೆ ಈಗ ‘ನಾರ್ಮನ್ ಡೋರ್’ ಅಂತಲೇ ಹೆಸರು. 1993ರಲ್ಲಿ ಆಪಲ್ ಸೇರಿ ‘ಯೂಸರ್ ಎಕ್ಸ್‌ಪೀರಿಯೆನ್ಸ್ ಆರ್ಕಿಟೆಕ್ಟ್’ ಅನ್ನೋ ಹುದ್ದೆ ಹಿಡಿದರು. ಇವತ್ತು ನಮ್ಮ ಐಟಿ ಕಂಪನಿಗಳಲ್ಲಿ ಬಾಯಿಪಾಠವಾಗಿರೋ ಯುಎಕ್ಸ್ ಅನ್ನೋ ಮಾತು ಹಬ್ಬಿದ್ದು ಹೀಗೆ. 1998ರಲ್ಲಿ ಜೇಕಬ್ ನೀಲ್ಸನ್ ಜೊತೆ ಸೇರಿ ಸಲಹಾ ಸಂಸ್ಥೆ ಕಟ್ಟಿದರು.

ಇಷ್ಟಾದರೂ ನಮ್ಮ ವೃತ್ತಿಯಲ್ಲಿ ‘ಯೂಸರ್ ಎರರ್’ ಅಂತ ಬರೆದು ಫೈಲು ಮುಚ್ಚೋ ಅಭ್ಯಾಸ ಹೋಗಿಲ್ಲ. ಕೂಲಿ ಮಾಡಿ ಬೆರಳ ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟನ್ನ ರೇಷನ್ ಅಂಗಡಿ ಮಿಷಿನ್ ಒಪ್ಪದಿದ್ದರೆ, ‘ನಿನ್ನ ಬೆರಳು ಸರಿ ಇಲ್ಲಮ್ಮ’ ಅಂತಾರೆ. ಅಜ್ಜಿಯೂ ಅದನ್ನೇ ನಂಬಿ ಚೀಲ ಮಡಚಿಕೊಂಡು ಹೋಗ್ತಾಳೆ. ಅವಳ ಬೆರಳು ಹೇಗಿರುತ್ತೆ ಅಂತ ಮೊದಲೇ ತಿಳ್ಕೊಳ್ಳೋದು ಮಿಷಿನ್ ಮಾಡಿದವರ ಕೆಲಸ ಆಗಿತ್ತು, ಅಲ್ವಾ?