ಶಿಖರವಿಲ್ಲದ ಬೆಟ್ಟ

ಭೂಗೋಳದ ಪಾಠ ನಡೆಯುವಾಗ ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಿದ್ದ ಪ್ರಶ್ನೆಯೊಂದಿದೆ: "ಸರ್, ನಮ್ಮ ಜಿಲ್ಲೆಯ ಶಿಖರ ಯಾವುದು?" ಚಿಕ್ಕಮಗಳೂರಿಗೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿದೆ. ನೆರೆಯ ಮಹಾರಾಷ್ಟ್ರಕ್ಕೆ 1,646 ಮೀಟರ್ ಎತ್ತರದ ಕಳಸೂಬಾಯಿ ಇದೆ. ಬೀದರಕ್ಕೆ ಹೆಸರಿಸಬಹುದಾದ ಶಿಖರವಿಲ್ಲ. ಆದರೆ ಬೆಟ್ಟವಿಲ್ಲ ಎನ್ನಲಾಗದು. ತಲೆ ಚಪ್ಪಟೆಯಾದ, ಮೇಜಿನಂತಹ ಬೆಟ್ಟವೊಂದಿದೆ. ಅದರ ಮೇಲೆಯೇ ಬೀದರ ನಗರ ಕುಳಿತಿರುವುದರಿಂದ ಅದು ಬೆಟ್ಟವೆಂದು ಯಾರಿಗೂ ತೋರುವುದಿಲ್ಲ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,300 ಅಡಿ.

ಭಾತಂಬ್ರಾದಿಂದ ಭಾಲ್ಕಿಗೆ ಬಂದು ಅಲ್ಲಿಂದ ಬೀದರಕ್ಕೆ ಹೊರಡುವವರು ಕಿಟಕಿಯಾಚೆ ನೋಡಿದರೆ ಸಾಕು. ತೊಗರಿ, ಕಡಲೆ, ಜೋಳ ಬೆಳೆಯುವ ನಮ್ಮ ಎರೆಭೂಮಿ ಹಿಂದೆ ಸರಿಯುತ್ತದೆ, ದಾರಿ ಏರತೊಡಗುತ್ತದೆ, ಕಪ್ಪು ಮಣ್ಣು ಕೆಂಪಾಗುತ್ತದೆ. ಈ ಬಣ್ಣದ ಬದಲಾವಣೆಯ ಹಿಂದೆ ಕೋಟ್ಯಂತರ ವರ್ಷಗಳ ಇತಿಹಾಸವಿದೆ.

ಇಂದಿಗೆ ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ ಭಾರತವು ಏಷ್ಯಾಖಂಡಕ್ಕೆ ಇನ್ನೂ ಸೇರಿರಲಿಲ್ಲ. ಸಮಭಾಜಕ ವೃತ್ತದ ದಕ್ಷಿಣಕ್ಕೆ, ಸಾಗರದ ನಡುವೆ ಉತ್ತರಾಭಿಮುಖವಾಗಿ ಸರಿಯುತ್ತಿತ್ತು. ಆ ಕಾಲದಲ್ಲಿ ನೆಲದ ಬಿರುಕುಗಳಿಂದ ಲಾವಾರಸವು ಉಕ್ಕಿ ಹರಿಯಿತು. ಶಂಕುವಿನಾಕಾರದ ಜ್ವಾಲಾಮುಖಿಯಿಂದ ಚಿಮ್ಮಿದ್ದಲ್ಲ. ಹಾಲು ಉಕ್ಕಿ ಒಲೆಯ ಸುತ್ತ ಹರಡುವಂತೆ ಹರಡಿದ್ದು. ಒಂದು ಪ್ರವಾಹ ಆರಿ ಗಟ್ಟಿಯಾದ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು. ಹೀಗೆ ನಿರ್ಮಾಣವಾದ ಕರಿಕಲ್ಲಿನ ಹಾಸಿಗೆ ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ವಿಸ್ತಾರದಲ್ಲಿ ಉಳಿದಿದೆ. ಇದಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು 'ಡೆಕ್ಕನ್ ಟ್ರ್ಯಾಪ್'. 'ಟ್ರ್ಯಾಪ್' ಎಂಬುದು ಬಲೆ ಎಂಬರ್ಥದ ಇಂಗ್ಲಿಷ್ ಪದವಲ್ಲ. ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಸಹ್ಯಾದ್ರಿಯ ಬೆಟ್ಟಗಳನ್ನು ದೂರದಿಂದ ನೋಡಿದವರಿಗೆ ಈ ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತವೆ. ಕಳಸೂಬಾಯಿ ಶಿಖರವೂ ನಮ್ಮೂರಿನ ಬಾವಿಯ ತಳದ ಕಲ್ಲೂ ಒಂದೇ ಕುಲಕ್ಕೆ ಸೇರಿದವು. ಮುಳ್ಳಯ್ಯನಗಿರಿಯಿರುವ ಬಾಬಾಬುಡನ್ ಶ್ರೇಣಿಯಾದರೋ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳದು. ಅದರ ಮುಂದೆ ನಮ್ಮ ಕರಿಕಲ್ಲು ನಿನ್ನೆ ಮೊನ್ನೆಯ ಕೂಸು.

ಈ ಹಾಸಿಗೆ ಎಷ್ಟು ದಪ್ಪವಾಗಿದೆ? ಸಹ್ಯಾದ್ರಿಯ ಕಡೆ ಎರಡು ಕಿಲೋಮೀಟರಿಗೂ ಹೆಚ್ಚು. ಪೂರ್ವಕ್ಕೆ, ದಕ್ಷಿಣಕ್ಕೆ ಬಂದಂತೆ ತೆಳುವಾಗುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದಿನ ಸುತ್ತ ಅದು ಮುಗಿದು, ಅಡಿಯಲ್ಲಿದ್ದ ಸುಣ್ಣಕಲ್ಲು ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಪರಸಿ ಬಂದದ್ದು ಆ ಪದರಿನಿಂದಲೇ. ನಮ್ಮ ಭಾಗದ ಸಮೀಪದಲ್ಲಿ ಇದರ ದಪ್ಪ ತಿಳಿದದ್ದು ಮಾತ್ರ ಒಂದು ದುರಂತದ ತರುವಾಯ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ನಮ್ಮ ಕಡೆಯ ನೆಲವೂ ನಡುಗಿತು. ಅನಂತರ ಎಷ್ಟೋ ರಾತ್ರಿ ಮಕ್ಕಳು ಮರಿಗಳೊಂದಿಗೆ ಅಂಗಳದಲ್ಲಿ ಮಲಗಿದ್ದನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರಿರಿ. ದಖ್ಖನಿನ ನೆಲ ಅಲುಗಾಡದು ಎಂಬ ನಂಬಿಕೆ ಅಂದು ಮುರಿಯಿತು. ಬಳಿಕ ವಿಜ್ಞಾನಿಗಳು ಕಿಲ್ಲಾರಿಯಲ್ಲಿ 617 ಮೀಟರ್ ಆಳದ ರಂಧ್ರ ಕೊರೆದಾಗ, ಕರಿಕಲ್ಲಿನ ದಪ್ಪ 338 ಮೀಟರ್ ಎಂದು ತಿಳಿಯಿತು. ಅದರ ಕೆಳಗೆ ತೆಳುವಾದ ಮಣ್ಣು-ಮರಳಿನ ಪದರು, ಅದಕ್ಕೂ ಕೆಳಗೆ ಅತಿ ಪ್ರಾಚೀನವಾದ ಮೂಲಶಿಲೆ.

ಆ ರಾತ್ರಿ ಸಾವಿರಾರು ಜನರನ್ನು ಕೊಂದದ್ದು ನಡುಕಕ್ಕಿಂತ ಹೆಚ್ಚಾಗಿ ಮನೆಗಳೇ. ಕರಿಕಲ್ಲು ಸವೆಯುವಾಗ ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಕಳಚಿ ದುಂಡಗಿನ ಗುಂಡುಗಳಾಗುತ್ತದೆ. ಅಂತಹ ಕಲ್ಲುಗಳನ್ನು ಕೆತ್ತದೆ, ಕೇವಲ ಮಣ್ಣಿನ ಗಾರೆಯಲ್ಲಿ ಕೂಡಿಸಿ ದಪ್ಪ ಗೋಡೆ ಎಬ್ಬಿಸಿ, ಮೇಲೆ ತೊಲೆಗಳಿಟ್ಟು, ಬಿಸಿಲು ತಡೆಯಲೆಂದು ಮಣ್ಣಿನ ಭಾರವಾದ ಮಾಳಿಗೆ ಹೊದಿಸುವುದು ಈ ಸೀಮೆಯ ಪದ್ಧತಿ. ಬೇಸಿಗೆಗೆ ಅದು ತಂಪು. ನೆಲ ನಡುಗಿದರೆ ಅದೇ ಗೋರಿ. ನಮ್ಮ ಊರುಗಳಲ್ಲಿ ಇಂತಹ ಹಳೆಯ ಮನೆಗಳು ಇನ್ನೂ ಇವೆ. ದುರಸ್ತಿ ಮಾಡಿಸುವವರು ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಉದ್ದಗಲ್ಲುಗಳನ್ನು ಕೂಡಿಸಿ, ಮಾಳಿಗೆಯ ಭಾರ ಕಡಿಮೆ ಮಾಡಿಸುವುದು ಲೇಸು.

ಇನ್ನು ಮೇಲಿನ ಕೆಂಪು ಕಲ್ಲಿನ ವಿಚಾರ. ಇದಕ್ಕೆ ಕನ್ನಡದಲ್ಲಿ ಜಂಬಿಟ್ಟಿಗೆ ಎನ್ನುತ್ತಾರೆ, ಕರಾವಳಿಯವರಿಗೆ ಮುರಕಲ್ಲು. ಇದು ಬೇರೆಲ್ಲಿಂದಲೋ ಬಂದ ಶಿಲೆಯಲ್ಲ. ಬಿಸಿಲು ಮಳೆಗಳ ದೀರ್ಘಕಾಲದ ಹೊಡೆತಕ್ಕೆ ಕರಿಕಲ್ಲಿನಲ್ಲಿದ್ದ ಸುಣ್ಣ, ಸಿಲಿಕಾ ಮೊದಲಾದವು ಕರಗಿ ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದು ಗಟ್ಟಿಯಾದದ್ದು. ಕಬ್ಬಿಣದ ತುಕ್ಕೇ ಅದರ ಕೆಂಪು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇಂತಹ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಅಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವುದು ಅದರ ಗುಣ. 1840ರ ದಶಕದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಬೀದರದ ಜಂಬಿಟ್ಟಿಗೆಯನ್ನು ಪರಿಶೀಲಿಸಿ ಬರೆದನು. ಆತ 1850ರಲ್ಲಿ ತೀರಿಕೊಂಡದ್ದು ಮಹಾಬಳೇಶ್ವರದಲ್ಲಿ. ಅದೂ ಕರಿಕಲ್ಲಿನ ಮೇಲೆ ಜಂಬಿಟ್ಟಿಗೆಯ ಟೊಪ್ಪಿಗೆ ಹೊತ್ತ ಬೆಟ್ಟವೇ.

ಈ ಟೊಪ್ಪಿಗೆಗಳ ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ. ಒಂದು ಕಾಲಕ್ಕೆ ದಖ್ಖನನ್ನೆಲ್ಲ ಹೊದ್ದಿದ್ದ ಜಂಬಿಟ್ಟಿಗೆಯ ಕಂಬಳಿ ಹರಿದು ಉಳಿದ ತುಂಡುಗಳಿವು ಎಂಬುದು ಹಳೆಯ ಮತ. 2008ರಲ್ಲಿ ಕ್ಲಿಫ್ ಓಲಿಯರ್ ಮತ್ತು ಹೇತು ಶೇಠ್ ಎಂಬವರು ಪಶ್ಚಿಮಘಟ್ಟದ ಟೊಪ್ಪಿಗೆಗಳನ್ನು ಕುರಿತು ಬೇರೆಯೇ ವಾದ ಮಂಡಿಸಿದರು. ಅವರ ಪ್ರಕಾರ ಅಲ್ಲಿನ ಜಂಬಿಟ್ಟಿಗೆ ಹುಟ್ಟಿದ್ದು ಪ್ರಾಚೀನ ನದಿಗಳ ತಗ್ಗಿನಲ್ಲಿ. ತಗ್ಗಿನ ನೆಲ ಕಬ್ಬಿಣದಿಂದ ಗಟ್ಟಿಯಾಯಿತು. ಸುತ್ತಲಿನ ಎತ್ತರದ ನೆಲ ಮೆತ್ತಗಿದ್ದುದರಿಂದ ಸವೆದು ಹೋಯಿತು. ಕೊನೆಗೆ ತಗ್ಗೇ ಬೆಟ್ಟವಾಯಿತು. ಒಪ್ಪುವುದು ಬಿಡುವುದು ತಜ್ಞರಿಗೆ ಬಿಟ್ಟದ್ದು. ಆದರೆ ಗಟ್ಟಿ ಟೊಪ್ಪಿಗೆ ಇದ್ದುದರಿಂದಲೇ ಅಡಿಯ ಕಲ್ಲು ಉಳಿಯಿತು ಎಂಬ ಮಾತು ಬೀದರಕ್ಕೂ ಸಲ್ಲುತ್ತದೆ.

1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಆತನ ಕೋಟೆ ಈ ಪ್ರಸ್ಥಭೂಮಿಯ ಅಂಚಿನ ಮೇಲೇ ಇದೆ. ಬಂಡೆಯನ್ನೇ ಕಡಿದು, ನಡುವೆ ಗೋಡೆಗಳಂತೆ ಕಲ್ಲನ್ನುಳಿಸಿ ಮಾಡಿದ ಮೂರು ಸಾಲಿನ ಕಂದಕ ಸಾಧ್ಯವಾದದ್ದು ಕಡಿಯಲು ಮಣಿಯುವ, ಕಡಿದ ಮೇಲೆ ನಿಲ್ಲುವ ಜಂಬಿಟ್ಟಿಗೆಯಿಂದ. ಬಿದರಿ ಕಲಾವಿದರು ತಮ್ಮ ಲೋಹಕ್ಕೆ ಕಪ್ಪು ಬಣ್ಣ ಬರಿಸಲು ನವಸಾಗರದೊಡನೆ ಬಳಸುವ ಮಣ್ಣೂ ಇದೇ ಕೋಟೆಯದು.

ಎಲ್ಲಕ್ಕಿಂತ ದೊಡ್ಡ ವರ ನೀರು. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಮಳೆನೀರನ್ನು ಕುಡಿದು ಕೆಳಗಿಳಿಸುತ್ತದೆ. ಕೆಳಗಿನ ಜೇಡಿಮಣ್ಣು, ಕರಿಕಲ್ಲು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆಗ ನೀರು ಅಡ್ಡ ಹರಿದು ಬೆಟ್ಟದ ಪಕ್ಕದಲ್ಲಿ ಝರಿಯಾಗಿ ಹೊರಬೀಳುತ್ತದೆ. ಗುರುನಾನಕ್ ಝೀರಾ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹ, ಪಾಪನಾಶ ಇವೆಲ್ಲ ಇಂತಹ ನೀರಿನ ತಾಣಗಳು. ಸಿಖ್ಖರ, ವೈಷ್ಣವರ, ಶೈವರ ಶ್ರದ್ಧಾಕೇಂದ್ರಗಳನ್ನು ಒಂದೇ ಬೆಟ್ಟ ಸಲಹಿದೆ. ಬಹಮನಿ ಕಾಲದವರು ಪರ್ಷಿಯಾದ ವಿದ್ಯೆಯಿಂದ ಇದೇ ನೀರನ್ನು ಸುರಂಗಗಳ ಮೂಲಕ ಹರಿಸಿದರು. ಇದಕ್ಕೆ ಕರೇಜ್ ಎಂದೂ ಸುರಂಗಬಾವಿ ಎಂದೂ ಹೆಸರು. ನೌಬಾದಿನ ಸುರಂಗ ಎರಡು ಕಿಲೋಮೀಟರಿಗೂ ಉದ್ದ. ಗಾಳಿಗೂ ನೀರು ಸೇದುವುದಕ್ಕೂ ಮೇಲೆ ಸಾಲಾಗಿ ಬಾವಿಗಳಿವೆ. ಕಾಲಕ್ರಮದಲ್ಲಿ ಇವುಗಳಲ್ಲಿ ಹಲವು ಮಣ್ಣು ಕಸ ತುಂಬಿ ಮುಚ್ಚಿಹೋದವು. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿಯವರು ಇದನ್ನು ಅಧ್ಯಯನ ಮಾಡಿದ ಬಳಿಕ, ಕಳೆದ ದಶಕದಲ್ಲಿ ಹೂಳೆತ್ತುವ ಕೆಲಸ ನಡೆಯಿತು.

ಬೆಟ್ಟದ ಕೆಳಗಿನ ನಮಗೆ ಆ ಟೊಪ್ಪಿಗೆಯಿಲ್ಲ. ಭಾತಂಬ್ರಾದ ಹಳೆಯ ಕೋಟೆಯಿಂದ ಮಾಂಜ್ರಾ ದಂಡೆಯವರೆಗೆ, ನದಿಯಾಚೆ ಔರಾದಿನವರೆಗೆ, ನೀರು ಸಿಗುವುದು ಕರಿಕಲ್ಲಿನ ಬಿರುಕುಗಳಲ್ಲಿ ಮತ್ತು ಸವೆದ ಮುರುಮಿನಲ್ಲಿ. ಆದ್ದರಿಂದಲೇ ಒಬ್ಬನ ಕೊಳವೆಬಾವಿ ಉಕ್ಕಿದರೆ ಮಗ್ಗುಲ ಹೊಲದವನದು ಧೂಳೆಬ್ಬಿಸುತ್ತದೆ. ಇದರಲ್ಲಿ ಗ್ರಹಚಾರದ ಮಾತಿಲ್ಲ, ಬಿರುಕು ಸಿಕ್ಕಿತೋ ಇಲ್ಲವೋ ಎಂಬುದಷ್ಟೇ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆಯಾಗುತ್ತವೆ. ಸಾಲ ಮಾಡಿ ಕೊರೆಸಿದಷ್ಟೂ ನೀರು ಹೆಚ್ಚುವುದಿಲ್ಲ. 1972ರ ಬರವನ್ನು ಕಂಡ ನಮ್ಮ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಲ್ಲಿ ಮತ್ತು ಬಂಧುಗಳಲ್ಲಿ ನನ್ನದೊಂದು ವಿನಂತಿ. ಊರಿನಲ್ಲಿ ಅಣ್ಣತಮ್ಮಂದಿರು ಮತ್ತೊಂದು ಕೊಳವೆಬಾವಿಗೆ ಹಣ ಕೇಳಿದಾಗ, ಮೊದಲು ಹೊಲದ ಬದುವಿಗೆ, ಹಳೆಯ ಬಾವಿಯ ಹೂಳಿಗೆ ಖರ್ಚು ಮಾಡಲು ಹೇಳಿ. ಬೀದರದಲ್ಲಿ ನಿವೇಶನ ಕೊಳ್ಳುವವರು ಅದರಲ್ಲಿ ಸುರಂಗಬಾವಿಯ ಬಾಯಿ ಇದೆಯೇ ಎಂದು ನೋಡಿ, ಇದ್ದರೆ ಮುಚ್ಚಬೇಡಿ. ಶಿಖರವಿಲ್ಲದ ಈ ಬೆಟ್ಟ ನೀರು ಕೊಡುತ್ತಲೇ ಬಂದಿದೆ. ಅದು ನೀರು ಕುಡಿಯುವ ದಾರಿಯನ್ನು ನಾವು ಕಟ್ಟದಿದ್ದರೆ ಸಾಕು.